ಫ್ಲ್ಯಾಟ್ ನಮ್ಮದು, ನೆಲ ಯಾರದು? ಭಾಡೆಪಟ್ಟಾ ಮುಗಿಯುವ ಮುಂಚೆ ಕೇಳಬೇಕಾದ ಮಾತು

ಗಡಿ ಭಾಗದ ಹಳ್ಳಿಗಳ ಹಣ ಈಗ ಹೊಲದಿಂದ ಫ್ಲ್ಯಾಟಿನ ಕಡೆಗೆ ಹರಿಯುತ್ತಿದೆ. ಸುರತ್-ಚೆನ್ನೈ ಹೆದ್ದಾರಿಗಾಗಿ ಅಕ್ಕಲಕೋಟ ತಾಲೂಕಿನ ಜಮೀನು ಭೂಸ್ವಾಧೀನಕ್ಕೆ ಒಳಗಾದ ಮೇಲೆ ಪರಿಹಾರದ ಮಾತು ಎಷ್ಟು ನಡೆದಿದೆಯೋ, ಆ ಪರಿಹಾರದ ಹಣವನ್ನು ಎಲ್ಲಿ ಹಾಕಬೇಕು ಎಂಬ ಮಾತೂ ಅಷ್ಟೇ ನಡೆದಿದೆ. ಮಗ ಪುಣೆಯಲ್ಲಿ ನೌಕರಿ, ಮಗಳು ನವಿ ಮುಂಬಯಿಯಲ್ಲಿ, ಮೊಮ್ಮಕ್ಕಳ ಶಾಲೆ ಸೊಲ್ಲಾಪುರದಲ್ಲಿ. ಜೋಳ-ತೊಗರಿ ಬೆಳೆಯುವ ನಾಲ್ಕು ಎಕರೆ ಕೊಟ್ಟು ಎರಡು ಕೋಣೆಯ ಫ್ಲ್ಯಾಟ್ ಹಿಡಿದವರು ಸಲಗರ ಬುದ್ರುಕದಂಥ ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ವಿಷಯ ಮಾತ್ರ ವಿಚಿತ್ರ. ಹೊಲ ತೆಗೆದುಕೊಳ್ಳುವಾಗ ನಾವು ಹತ್ತು ಸಲ ನೋಡುವ ಕಾಗದವನ್ನು, ಫ್ಲ್ಯಾಟ್ ತೆಗೆದುಕೊಳ್ಳುವಾಗ ಒಂದು ಸಲವೂ ನೋಡುವುದಿಲ್ಲ.

ಹೊಲದ ಮಾತು ಬಂದರೆ ನಮ್ಮ ಹಳ್ಳಿಯ ಅಕ್ಷರ ಬಾರದ ಅಜ್ಜನೂ ಸಾತಬಾರಾ ಉತಾರ ಕೇಳುತ್ತಾನೆ. ಅದರ ಮೇಲೆ 'ಭೋಗವಟಾದಾರ ವರ್ಗ-2' ಎಂದು ಬರೆದಿದ್ದರೆ ಸುಮ್ಮನೆ ಕೈ ಹಾಕುವುದಿಲ್ಲ. ಅದು ಇನಾಮಿನ ಜಮೀನೋ, ವತನದ್ದೋ, ಸೀಲಿಂಗಿನಲ್ಲಿ ಬಂದದ್ದೋ, ನವೀನ ಶರ್ತಿನದೋ ಎಂದು ತಲಾಠಿಯ ಹತ್ತಿರ ವಿಚಾರಿಸುತ್ತಾನೆ. ಜಿಲ್ಲಾಧಿಕಾರಿಯ ಪರವಾನಗಿ ಇಲ್ಲದೆ, ನಜರಾಣಾ ತುಂಬದೆ ಖರೀದಿ ಮಾಡಿದರೆ ನಾಳೆ 'ಶರ್ತಭಂಗ' ಎಂದು ನೋಟಿಸು ಬರುತ್ತದೆ ಎಂಬುದು ಅವನಿಗೆ ಗೊತ್ತು. ಅದೇ ಅಜ್ಜನ ಮಗ ಪಟ್ಟಣಕ್ಕೆ ಹೋಗಿ ಐವತ್ತು ಲಕ್ಷದ ಫ್ಲ್ಯಾಟ್ ಮಾತಾಡುವಾಗ ಕೇಳುವುದು ಲಿಫ್ಟ್ ಇದೆಯೋ, ನೀರು ಎಷ್ಟು ಹೊತ್ತು ಬರುತ್ತದೆ, ಪಾರ್ಕಿಂಗ್ ಯಾವ ಕಡೆ ಎಂದು. ಕಟ್ಟಡದ ಕೆಳಗಿನ ನೆಲ ಯಾರ ಹೆಸರಿನಲ್ಲಿದೆ ಎಂದು ಕೇಳುವುದಿಲ್ಲ.

ಮಹಾರಾಷ್ಟ್ರ ಜಮೀನು ಮಹಸೂಲು ಸಂಹಿತೆ, 1966 ಜಮೀನು ಹಿಡಿದವರನ್ನು ಮೂರು ತರಹ ಎಂದು ಎಣಿಸಿತ್ತು: ವರ್ಗ-1ರ ಭೋಗವಟಾದಾರ, ವರ್ಗ-2ರ ಭೋಗವಟಾದಾರ ಮತ್ತು ಸರಕಾರಿ ಪಟ್ಟೇದಾರ. ಮೊದಲ ಎರಡು ನಮಗೆ ಉತಾರದ ಮೇಲೆ ಕಂಡು ಪರಿಚಯ. ಮೂರನೆಯದು ಹಳ್ಳಿಗಿಂತ ಪಟ್ಟಣದಲ್ಲೇ ಹೆಚ್ಚು. ಇಲ್ಲಿ ಸರಕಾರ ನೆಲವನ್ನು ಮಾರಿರುವುದಿಲ್ಲ. ಇಷ್ಟು ವರ್ಷಕ್ಕೆ ಎಂದು ಭಾಡೆಪಟ್ಟಾದ ಮೇಲೆ ಕೊಟ್ಟಿರುತ್ತದೆ. ಅದರ ಮೇಲೆ ಸಹಕಾರಿ ಗೃಹ ಸಂಸ್ಥೆ ಕಟ್ಟಡ ಕಟ್ಟುತ್ತದೆ. ಫ್ಲ್ಯಾಟ್ ಕೊಂಡವನಿಗೆ ಸಿಗುವುದು ಸಂಸ್ಥೆಯ ಷೇರು, ಕೋಣೆಗಳ ಹಕ್ಕು ಮತ್ತು ಭಾಡೆಪಟ್ಟಾದಲ್ಲಿ ಉಳಿದಿರುವಷ್ಟು ವರ್ಷ. ಅಷ್ಟೇ.

ಎರಡು ಭಾಷೆ ಬಲ್ಲವರಾಗಿರುವುದರಿಂದಲೇ ನಮಗೆ ಇಲ್ಲಿ ಇನ್ನೊಂದು ತೊಡಕು ಇದೆ. ನಮ್ಮ ಊರಲ್ಲಿ ಹೊಲವನ್ನು ವರ್ಷದ ಲಾವಣಿಗೆ ಹಾಕುತ್ತೇವೆ, ಅದೂ ಲೀಸೇ. ಬೆಂಗಳೂರಿಗೆ ದುಡಿಯಲು ಹೋದವರು ದೊಡ್ಡ ಮೊತ್ತ ಒಮ್ಮೆಲೇ ಕೊಟ್ಟು ಎರಡು-ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಹೊರಡುವಾಗ ಆ ಮೊತ್ತ ವಾಪಸು ತೆಗೆದುಕೊಳ್ಳುತ್ತಾರೆ. ಅದಕ್ಕೂ ಅಲ್ಲಿ ಲೀಸ್ ಎಂದೇ ಹೆಸರು, ಹಳೆಯ ಮಾತಿನಲ್ಲಿ ಭೋಗ್ಯ. ಮರಾಠಿಯ 'ಭೋಗವಟಾ' ಕನ್ನಡದ 'ಭೋಗ್ಯ'ದ ಹಾಗೆ ಕೇಳಿಸಿದರೂ ಅರ್ಥ ಬೇರೆ. ಅದು ಕಬಜೆ-ವಹಿವಾಟಿನ ಮಾತು. ಹೊಸ ಕಟ್ಟಡಕ್ಕೆ ಮಹಾನಗರಪಾಲಿಕೆ ಕೊಡುವ 'ಭೋಗವಟಾ ಪ್ರಮಾಣಪತ್ರ'ವಂತೂ ಕಟ್ಟಡ ವಾಸಕ್ಕೆ ಯೋಗ್ಯ ಎಂದು ಹೇಳುತ್ತದೆಯೇ ಹೊರತು ನೆಲ ಯಾರದು ಎಂದು ಹೇಳುವುದಿಲ್ಲ. ಬಿಲ್ಡರನ ಆಫೀಸಿನಲ್ಲಿ ಆ ಒಂದು ಪತ್ರ ತೋರಿಸಿದರೆ 'ಎಲ್ಲ ಕ್ಲಿಯರ್ ಇದೆ' ಎಂದು ನಂಬಿ ಬರುವವರು ಬಹಳ.

ಇಂಥ ನೆಲ ಎಲ್ಲೆಲ್ಲಿ ಇದೆ? ನವಿ ಮುಂಬಯಿ ಪೂರಾ ಇದರ ಮೇಲೆಯೇ ನಿಂತಿದೆ ಎಂದರೂ ನಡೆದೀತು. 1970ರಲ್ಲಿ ಸ್ಥಾಪನೆಯಾದ ಸಿಡ್ಕೋ ಅಲ್ಲಿ ಪ್ಲಾಟುಗಳನ್ನು ಕೊಟ್ಟದ್ದು 60 ವರ್ಷದ ಭಾಡೆಪಟ್ಟಾದ ಮೇಲೆ. ಮ್ಹಾಡಾದ ವಸತಿಗಳಲ್ಲಿ ಕಟ್ಟಡವನ್ನು ಸಂಸ್ಥೆಗೆ ಮಾರಿ, ನೆಲವನ್ನು ಮಾತ್ರ ಭಾಡೆಪಟ್ಟಾದಿಂದ ಕೊಡುವುದು ವಾಡಿಕೆ. ನಮ್ಮ ಸೊಲ್ಲಾಪುರ ಜಿಲ್ಲೆ ಮ್ಹಾಡಾದ ಪುಣೆ ಮಂಡಳಿಯ ಕೆಳಗೆ ಬರುತ್ತದೆ. ಲಾಟರಿಗೆ ಅರ್ಜಿ ಹಾಕುವವರು ಇದನ್ನು ಗಮನಿಸಬೇಕು. ಮುಂಬಯಿಯಲ್ಲಿ ಮಹಾನಗರಪಾಲಿಕೆಯ ಪ್ಲಾಟುಗಳು, ಬಂದರಿನ ಆಡಳಿತದ ಜಾಗ, ಜಿಲ್ಲಾಧಿಕಾರಿಯ ಜಾಗ ಇವೆ. ಖಾಸಗಿ ಜಮೀನುದಾರರು 99 ಅಥವಾ 999 ವರ್ಷಕ್ಕೆ ಕೊಟ್ಟ ಜಾಗಗಳೂ ಇವೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿಯಲ್ಲಿ ಟವೆಲ್ ಕಾರಖಾನೆಗಳಿಗೆ ದುಡಿಯಲು ಹೋಗುವ ನಮ್ಮವರಿಗೆ ಗೊತ್ತಿರಬಹುದು, ಎಂಐಡಿಸಿ ಪ್ಲಾಟುಗಳೂ 95 ವರ್ಷದ ಲೀಸಿನವೇ. ಕಾರಖಾನೆಯವನು ಆ ಲೆಕ್ಕ ಮರೆಯುವುದಿಲ್ಲ. ಮರೆಯುವವನು ಸಂಸಾರಸ್ಥ.

ಈಗ ಲೆಕ್ಕಕ್ಕೆ ಬರೋಣ. ವರ್ಷ ಎಣಿಸುವುದು ನೀವು ಫ್ಲ್ಯಾಟ್ ಕೊಂಡ ದಿನದಿಂದ ಅಲ್ಲ, ಪ್ಲಾಟು ಮೊದಲು ಭಾಡೆಪಟ್ಟಾಕ್ಕೆ ಹೋದ ದಿನದಿಂದ. ಒಂದು ಪ್ಲಾಟು 1985ರಲ್ಲಿ 60 ವರ್ಷಕ್ಕೆ ಹೋಗಿದೆ ಎಂದುಕೊಳ್ಳಿ. ಅವಧಿ ಮುಗಿಯುವುದು 2045ಕ್ಕೆ. 2026ರಲ್ಲಿ ಅಲ್ಲಿ ಫ್ಲ್ಯಾಟ್ ಕೊಂಡವನ ಕೈಗೆ ಬರುವುದು 19 ವರ್ಷ. ಅವನು ಬ್ಯಾಂಕಿನಲ್ಲಿ 20 ವರ್ಷದ ಗೃಹಸಾಲ ಕೇಳುತ್ತಾನೆ. ಸಾಲದ ಕಂತು ಮುಗಿಯುವ ಮುಂಚೆಯೇ ನೆಲದ ಅವಧಿ ಮುಗಿಯುತ್ತದೆ! ಬ್ಯಾಂಕಿನ ವಕೀಲನಿಗೆ ಇದು ಮೊದಲು ಕಾಣುತ್ತದೆ. ಸಾಲ ಕೊಡದಿರಬಹುದು, ಅಥವಾ ಕಡಿಮೆ ವರ್ಷಕ್ಕೆ ಕೊಟ್ಟು ಕಂತು ಏರಿಸಬಹುದು. ಹತ್ತು ವರ್ಷದ ಮೇಲೆ ಇವನೇ ಮಾರಲು ನಿಂತರೆ, ಕೊಳ್ಳುವವನಿಗೆ ಉಳಿಯುವುದು 9 ವರ್ಷ. ಆಗ ಗಿರಾಕಿ ಬರುತ್ತಾನೆ, ಆದರೆ ಬೆಲೆ ಅವನು ಹೇಳಿದ್ದು. ಸಿಡ್ಕೋ ಜಾಗದ ಮಟ್ಟಿಗೆ, ಒಂದು ಸಲದ ಶುಲ್ಕ ತುಂಬಿಸಿಕೊಂಡು 60 ವರ್ಷವನ್ನು 99 ಮಾಡಿಕೊಡುವ ದಾರಿಯನ್ನು ಸರಕಾರ 2018ರ ಸುಮಾರಿಗೆ ತೆರೆಯಿತು. ಆದರೆ ದಾರಿ ಇದೆ ಎಂದರೆ ನಿಮ್ಮ ಕಟ್ಟಡ ಆ ದಾರಿಯಲ್ಲಿ ಹೋಗಿದೆ ಎಂದಲ್ಲ. ಸಂಸ್ಥೆ ಅರ್ಜಿ ಹಾಕಿ, ಹಣ ತುಂಬಿ, ಕಾಗದ ನೋಂದಣಿ ಮಾಡಿಸಿದೆಯೇ ಎಂಬುದು ಬೇರೆ ಪ್ರಶ್ನೆ.

ಅವಧಿ ಮುಗಿದ ಮರುದಿನ ಮನೆಗೆ ಬೀಗ ಬೀಳುತ್ತದೆಯೇ? ಕಾಯ್ದೆಯ ಪುಸ್ತಕ ನೋಡಿದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 111ನೇ ಕಲಮು ಅವಧಿ ಮುಗಿದೊಡನೆ ಲೀಸ್ ಮುಗಿಯಿತು ಎನ್ನುತ್ತದೆ. ವ್ಯವಹಾರದಲ್ಲಿ ಹಾಗೆ ಆಗಿಲ್ಲ. ಮುಂಬಯಿಯ ಬಾಂದ್ರಾದಲ್ಲಿ ಸರಕಾರಿ ಜಾಗದ ಮೇಲಿನ ಹಲವು ಸಂಸ್ಥೆಗಳ ಭಾಡೆಪಟ್ಟಾ ಎಂದೋ ಮುಗಿದು ಜನ ಅಲ್ಲೇ ಇದ್ದರು. ಜಗಳ ಬಂದದ್ದು ನವೀಕರಣದ ದರದ ಮೇಲೆ. ಹಳೆಯ ಬಾಡಿಗೆ ಅಂದಿನ ಕಾಲದ ಪುಡಿಗಾಸು. ಸರಕಾರ ತನ್ನ ನಿರ್ಣಯಗಳಿಂದ, ಮುಖ್ಯವಾಗಿ 2012ರ ಡಿಸೆಂಬರಿನದರಿಂದ, ಬಾಡಿಗೆಯನ್ನು ಇಂದಿನ ರೆಡಿ ರೆಕ್ನರ್ ಬೆಲೆಗೆ ಜೋಡಿಸಿತು. ಬಾಡಿಗೆ ನೂರಾರು ಪಟ್ಟು ಏರಿತು ಎಂದು ಸಂಸ್ಥೆಗಳು ಮುಂಬಯಿ ಹೈಕೋರ್ಟಿಗೆ ಹೋದವು. 2024ರ ಆಗಸ್ಟಿನಲ್ಲಿ ತೀರ್ಪು ಬಂತು. ಬಾಂದ್ರಾದಂಥ ಜಾಗದಲ್ಲಿ, ಒಂದೊಂದು ಫ್ಲ್ಯಾಟಿಗೆ ಹಂಚಿ ನೋಡಿದರೆ ತಿಂಗಳಿಗೆ ಬೀಳುವ ಮೊತ್ತ ಅತಿಯಾದದ್ದಲ್ಲ ಎಂದು ಕೋರ್ಟು ಏರಿಕೆಯನ್ನು ಒಪ್ಪಿತು. ಆದರೆ ಭಾಡೆಪಟ್ಟಾದ ಅವಧಿಯ ಒಳಗೇ ಪ್ರತಿ ಐದು ವರ್ಷಕ್ಕೆ ದರ ಬದಲಿಸುವ ಷರತ್ತನ್ನು ರದ್ದು ಮಾಡಿತು.

2012ರ ನಿರ್ಣಯದ ಲೆಕ್ಕ ವಸತಿಗೆ ಹೀಗಿದೆ: ನೆಲದ ಬೆಲೆಯ 25 ಪ್ರತಿಶತ ತೆಗೆದುಕೊಂಡು, ಅದರ ಮೇಲೆ 2 ಪ್ರತಿಶತ ವರ್ಷದ ಬಾಡಿಗೆ. ನೆಲದ ರೆಡಿ ರೆಕ್ನರ್ ಬೆಲೆ 4 ಕೋಟಿ ಎಂದು ಹಿಡಿದರೆ 25 ಪ್ರತಿಶತ ಎಂದರೆ 1 ಕೋಟಿ, ಅದರ 2 ಪ್ರತಿಶತ 2 ಲಕ್ಷ. 40 ಮನೆಯ ಸಂಸ್ಥೆಯಾದರೆ ಒಂದು ಮನೆಗೆ ವರ್ಷಕ್ಕೆ 5,000 ರೂಪಾಯಿ. ಇದನ್ನು ಕೇಳಿ ಯಾರೂ ಊರು ಬಿಡಬೇಕಾಗಿಲ್ಲ. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಹೊಡೆತ ಬಾಡಿಗೆಯಿಂದ ಬರುವುದಲ್ಲ, ಸುಮ್ಮನೆ ಕುಳಿತದ್ದರಿಂದ ಬರುವುದು. ವರ್ಷಗಟ್ಟಲೆ ಸೇರಿದ ಬಾಕಿ, ಅದರ ಮೇಲಿನ ಬಡ್ಡಿ, ಪರವಾನಗಿ ಇಲ್ಲದೆ ಕೈ ಬದಲಾದ ಫ್ಲ್ಯಾಟುಗಳ ದಂಡ ಎಲ್ಲ ಕೂಡಿ ಒಂದೇ ದಿನ ಮುಂದೆ ನಿಲ್ಲುತ್ತದೆ. ಅಲ್ಲಿಯವರೆಗೆ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವುದೂ ಆಗುವುದಿಲ್ಲ, ಏಕೆಂದರೆ ಕೈಯಲ್ಲಿ ವರ್ಷ ಇಲ್ಲದ ನೆಲದ ಮೇಲೆ ಯಾವ ಬಿಲ್ಡರನೂ ಹಣ ಹಾಕುವುದಿಲ್ಲ. ಸೋರುವ ಛಾವಣಿಯ ಕೆಳಗೆ ಕುಳಿತು ಕಚೇರಿಯ ಕಾಗದ ಕಾಯುವ ಪಾಳಿ.

ಇನ್ನೊಂದು ದಾರಿ, ಅವಧಿ ವಿಸ್ತರಿಸುವುದನ್ನು ಬಿಟ್ಟು ನೆಲವನ್ನೇ ವರ್ಗ-1 ಮಾಡಿಸಿಕೊಳ್ಳುವುದು. ಇದಕ್ಕಾಗಿ ಮಹಾರಾಷ್ಟ್ರ ಸರಕಾರ 2019ರ ಮಾರ್ಚ್ 8ರಂದು ನಿಯಮ ಹೊರಡಿಸಿತು. ಗೃಹ ಸಂಸ್ಥೆಗಳಿಗೆ ಮೊದಲ ಮೂರು ವರ್ಷ ರೆಡಿ ರೆಕ್ನರ್ ಬೆಲೆಯ 15 ಪ್ರತಿಶತದ ರಿಯಾಯಿತಿ ದರ, ತಡಮಾಡಿದವರಿಗೆ ಅದರ ಹಲವು ಪಟ್ಟು. ರಿಯಾಯಿತಿಯ ಅವಧಿಯನ್ನು ಆಮೇಲೆ ಮುಂದೆ ತಳ್ಳಲಾಯಿತು. ಮೇಲಿನ ಅದೇ 4 ಕೋಟಿಯ ನೆಲಕ್ಕೆ 15 ಪ್ರತಿಶತ ಎಂದರೆ 60 ಲಕ್ಷ, ಮನೆಗೆ ಒಂದೂವರೆ ಲಕ್ಷ. ದೊಡ್ಡ ಮೊತ್ತವೇ. ಆದರೆ ಒಮ್ಮೆ ತುಂಬಿದರೆ ನವೀಕರಣ, ಮಾರುವಾಗ ಪರವಾನಗಿ, ನಜರಾಣಾ ಎಂಬ ಕಾಟ ತಪ್ಪುತ್ತದೆ. ನಲವತ್ತು ಮನೆಗಳಲ್ಲಿ ಮೂವತ್ತು ಮಂದಿ ಹೂಂ ಎಂದು ಹತ್ತು ಮಂದಿ 'ನೋಡೋಣ' ಎಂದದ್ದಕ್ಕೆ ರಿಯಾಯಿತಿಯ ದಿನ ದಾಟಿಹೋದರೆ, ಅದೇ ನೆಲಕ್ಕೆ ನಾಳೆ ಎಷ್ಟು ತುಂಬಬೇಕಾದೀತು ಎಂದು ಯೋಚಿಸಿ. ದರ ಸರಕಾರದ ಅಧಿಸೂಚನೆಯೊಂದಿಗೆ ಬದಲಾಗುತ್ತದೆ. ಆದ್ದರಿಂದ ಯಾರೋ ಹೇಳಿದ ಅಂಕಿ ಹಿಡಿದು ಕೂಡದೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆ ದಿನದ ದರ ಬರೆಸಿಕೊಂಡು ಬರುವುದು ಲೇಸು.

'ಸರಕಾರ ನೆಲ ವಾಪಸು ತೆಗೆದುಕೊಳ್ಳುವುದೆಲ್ಲ ಬಾಯಿಮಾತು' ಎನ್ನುವವರು ಸಿಂಗಾಪುರದ ಕಡೆ ನೋಡಬೇಕು. ಅಲ್ಲಿನ ಗೇಲಾಂಗ್ ಎಂಬ ಭಾಗದ ಲೊರಾಂಗ್ 3ರಲ್ಲಿ 191 ಸಾಲು ಮನೆಗಳಿದ್ದವು. ಲೀಸ್ 60 ವರ್ಷ, ನಮ್ಮ ಸಿಡ್ಕೋದಷ್ಟೇ. 2020ರ ಡಿಸೆಂಬರ್ ಕೊನೆಗೆ ಅವಧಿ ಮುಗಿಯಿತು. ನೆಲ ಸರಕಾರಕ್ಕೆ ಹೋಯಿತು, ಪರಿಹಾರ ಸಿಗಲಿಲ್ಲ. ಚೀನಾದಲ್ಲಿ ವಸತಿ ನೆಲದ ಅವಧಿ 70 ವರ್ಷ. 2021ರಿಂದ ಜಾರಿಯಲ್ಲಿರುವ ಅಲ್ಲಿನ ನಾಗರಿಕ ಸಂಹಿತೆ ಅದು ತಾನಾಗಿಯೇ ಮುಂದುವರಿಯುತ್ತದೆ ಎಂದಿದೆ. ನಮ್ಮಲ್ಲಿ ಮತ ಹಾಕುವ ಸಾವಿರಾರು ಸಂಸಾರಗಳನ್ನು ಯಾವ ಸರಕಾರವೂ ಸುಮ್ಮನೆ ಹೊರಗೆ ಹಾಕಲಾರದು ಎಂಬುದೇ ನಮ್ಮ ಅಂದಾಜು. ಆದರೆ ಅಂದಾಜಿನ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ.

ಲಂಡನ್ನಿನಲ್ಲಿ ನೌಕರಿಗೆ ಇರುವ ಕನ್ನಡದ ಹುಡುಗರಿಗೆ ಈ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ಇಂಗ್ಲೆಂಡಿನಲ್ಲಿ ಫ್ಲ್ಯಾಟುಗಳು ಬಹುತೇಕ ಲೀಸಿನವೇ. ಅಲ್ಲಿ 1993ರ ಕಾಯ್ದೆ ಫ್ಲ್ಯಾಟಿನವನಿಗೆ ಒಂದು ಹಕ್ಕು ಕೊಟ್ಟಿತು: ಉಳಿದ ಅವಧಿಗೆ ಇನ್ನೂ 90 ವರ್ಷ ಸೇರಿಸಿಕೊಡು ಎಂದು ನೆಲದ ಒಡೆಯನನ್ನು ಕೇಳಬಹುದು, ಒಡೆಯ ನ್ಯಾಯವಾದ ಬೆಲೆ ಪಡೆದು ಕೊಡಲೇಬೇಕು. ಉಳಿದ ವರ್ಷ 80ಕ್ಕಿಂತ ಕೆಳಗೆ ಇಳಿದರೆ ಆ ಬೆಲೆ ಜೋರಾಗಿ ಏರುವಂತೆ ಆ ಕಾಯ್ದೆಯ ಲೆಕ್ಕವಿದೆ. ಆದ್ದರಿಂದ ಅಲ್ಲಿ 82-83 ವರ್ಷ ಉಳಿದಿರುವಾಗಲೇ ಜನ ಓಡಾಡುತ್ತಾರೆ. ಫ್ಲ್ಯಾಟ್ ಕೊಂಡು ಎರಡು ವರ್ಷ ಕಾಯಬೇಕು ಎಂಬ ನಿಯಮವನ್ನೂ 2025ರ ಜನವರಿ 31ರಿಂದ ತೆಗೆದುಹಾಕಲಾಗಿದೆ. ನಾವು ಇಲ್ಲಿ 19 ವರ್ಷ ಉಳಿದಿರುವುದನ್ನೂ ಕೇಳದೆ ಸಹಿ ಹಾಕುತ್ತೇವೆ. ಮುಖ್ಯ ವ್ಯತ್ಯಾಸ ಇನ್ನೊಂದು. ಅಲ್ಲಿ ಒಬ್ಬೊಬ್ಬ ಫ್ಲ್ಯಾಟಿನವನೂ ತನ್ನಷ್ಟಕ್ಕೆ ಅವಧಿ ವಿಸ್ತರಿಸಿಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಭಾಡೆಪಟ್ಟಾ ಇರುವುದು ಸಾಮಾನ್ಯವಾಗಿ ಸಂಸ್ಥೆಯ ಹೆಸರಿನಲ್ಲಿ. ನೀವೊಬ್ಬರೇ ಚೆಕ್ಕು ಹಿಡಿದು ಹೋದರೆ ಕಚೇರಿಯಲ್ಲಿ ಕುರ್ಚಿಯೂ ಸಿಗುವುದಿಲ್ಲ.

ಗಡಿಯಾಚೆ ಕರ್ನಾಟಕದ ಪದ್ಧತಿ ಬೇರೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಿವೇಶನ ಕೊಟ್ಟಾಗ ಮೊದಲು ಲೀಸ್-ಕಮ್-ಸೇಲ್ ಕರಾರು ಮಾಡಿಕೊಳ್ಳುವ ರೂಢಿ; ಹತ್ತು ವರ್ಷ ಷರತ್ತು ಪಾಲಿಸಿದ ಮೇಲೆ ಶುದ್ಧ ಕ್ರಯಪತ್ರ. ಅಲ್ಲಿ ಲೀಸ್ ಎಂಬುದು ಮಾಲಕತ್ವಕ್ಕೆ ಹೋಗುವ ಮೆಟ್ಟಿಲು. ಆದ್ದರಿಂದಲೇ ಕರ್ನಾಟಕದಲ್ಲಿ ನೆಂಟರಿರುವ ನಮ್ಮವರು 'ಲೀಸ್ ಎಂದರೆ ಹತ್ತು ವರ್ಷಕ್ಕೆ ನಮ್ಮದೇ ಆಗುತ್ತದೆ' ಎಂದು ತಿಳಿದು ಮಹಾರಾಷ್ಟ್ರದ ಕಾಗದಕ್ಕೂ ಅದೇ ಅರ್ಥ ಹಚ್ಚುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ಭಾಡೆಪಟ್ಟಾ ಕರಾರಿನಲ್ಲಿ ಬರೆದಿದ್ದರೆ ಮಾತ್ರ ನವೀಕರಣ, ಬರೆದಷ್ಟು ವರ್ಷಕ್ಕೆ, ಬರೆದ ಷರತ್ತಿನ ಮೇಲೆ.

ಹಾಗಾದರೆ ಈಗಾಗಲೇ ಇಂಥ ಫ್ಲ್ಯಾಟಿನಲ್ಲಿ ಇರುವವರು ಏನು ಮಾಡಬೇಕು? ಕೆಲಸ ಸುರುವಾಗುವುದು ಸಂಸ್ಥೆಯ ಸರ್ವಸಾಧಾರಣ ಸಭೆಯಿಂದ. ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯ್ದೆ, 1960ರ ಪ್ರಕಾರ ವಾರ್ಷಿಕ ಸಭೆ ಸಪ್ಟೆಂಬರ್ 30ರೊಳಗೆ ಆಗಬೇಕು. ಅಲ್ಲಿ ಅಧ್ಯಕ್ಷ-ಸೆಕ್ರೆಟರಿಯನ್ನು ಬಣ್ಣ-ಸುಣ್ಣದ ಖರ್ಚು ಕೇಳುವ ಬದಲು ಮೂರು ಕಾಗದ ತೋರಿಸಿ ಎಂದು ಕೇಳಿ: ಭಾಡೆಪಟ್ಟಾ ಕರಾರಿನ ನಕಲು, ಪ್ರಾಪರ್ಟಿ ಕಾರ್ಡು ಮತ್ತು ಬಾಡಿಗೆ ತುಂಬಿದ ಕೊನೆಯ ಪಾವತಿ. ತೋರಿಸದಿದ್ದರೆ ಸದಸ್ಯರಲ್ಲಿ ಐದರಲ್ಲಿ ಒಂದು ಪಾಲು ಜನ ಸಹಿ ಹಾಕಿ ವಿಶೇಷ ಸಭೆ ಕರೆಯಲು ಒತ್ತಾಯಿಸಬಹುದು. ಠರಾವು ಆದ ಮೇಲೆ ಅರ್ಜಿ ಹೋಗಬೇಕಾದದ್ದು ನೆಲ ಕೊಟ್ಟವರಿಗೆ. ಅದು ಜಿಲ್ಲಾಧಿಕಾರಿ ಇರಬಹುದು, ಸಿಡ್ಕೋ ಇರಬಹುದು, ಮ್ಹಾಡಾ ಇರಬಹುದು. ಅವರು ಹಳೆಯ ಬಾಕಿ ಕೇಳುತ್ತಾರೆ, ಸದಸ್ಯರ ಯಾದಿ ಕೇಳುತ್ತಾರೆ, ಮೂಲ ಸದಸ್ಯ ಯಾರು, ಈಗ ಇರುವವನು ಯಾರು, ನಡುವೆ ಪರವಾನಗಿ ಆಗಿದೆಯೇ ಎಂದು ತಾಳೆ ನೋಡುತ್ತಾರೆ. ಬಾಲ್ಕನಿ ಮುಚ್ಚಿದ್ದು, ತಾರಸಿಯ ಮೇಲೆ ಕೋಣೆ ಎಬ್ಬಿಸಿದ್ದು ಎಲ್ಲ ಆಗ ಹೊರಬರುತ್ತದೆ. ಮಾಗಣಿ ಬಂದ ಮೇಲೆ ಹಣ ತುಂಬಿ, ಹೊಸ ಕರಾರಿಗೆ ಮುದ್ರಾಂಕ ಶುಲ್ಕ ಕೊಟ್ಟು ನೋಂದಣಿ ಮಾಡಿಸಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಲೀಸ್ ನೋಂದಣಿ ಆಗದಿದ್ದರೆ ಕಾಯ್ದೆಯ ಮುಂದೆ ನಿಲ್ಲುವುದಿಲ್ಲ. ಕೊನೆಗೆ ಪ್ರಾಪರ್ಟಿ ಕಾರ್ಡಿನ ಮೇಲೆ ಹೊಸ ನೋಂದು ಬೀಳಬೇಕು. ಹಲವು ಸಂಸ್ಥೆಗಳು ಹಣ ತುಂಬಿದ ಪಾವತಿ ಫೈಲಿಗೆ ಹಚ್ಚಿ ಕೆಲಸ ಮುಗಿಯಿತು ಎಂದು ಬಿಡುತ್ತವೆ. ಈ ಕೊನೆಯ ನೋಂದೇ ಉಳಿದುಹೋಗುತ್ತದೆ.

ಬಿಲ್ಡರನೇ ಇನ್ನೂ ನೆಲವನ್ನು ತನ್ನ ಹೆಸರಿನಲ್ಲಿ ಇಟ್ಟುಕೊಂಡು ಕುಳಿತಿದ್ದರೆ ಅದು ಬೇರೆ ಹೋರಾಟ. 1963ರ ಮೋಫಾ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯಿಂದ, ಬಿಲ್ಡರ ಬರದಿದ್ದರೂ ಸಂಸ್ಥೆ ಸಕ್ಷಮ ಅಧಿಕಾರಿಯ ಮುಂದೆ ಹೋಗಿ 'ಮಾನೀವ ಅಭಿಹಸ್ತಾಂತರಣ', ಜನ ಹೇಳುವ ಡೀಮ್ಡ್ ಕನ್ವೇಯನ್ಸ್, ಮಾಡಿಸಿಕೊಳ್ಳಬಹುದು. ಅವಧಿ ವಿಸ್ತರಣೆ ಕೇಳಬೇಕಾದರೆ ಮೊದಲು ಭಾಡೆಪಟ್ಟಾ ಸಂಸ್ಥೆಯ ಕೈಗೆ ಬರಬೇಕು.

ಇನ್ನು ಹೊಸದಾಗಿ ಕೊಳ್ಳುವವರ ಮಾತು. ಮುಂಗಡ ಕೊಡುವ ಮುಂಚೆ ನಗರ ಭೂಮಾಪನ ಕಚೇರಿಯಿಂದ ಪ್ರಾಪರ್ಟಿ ಕಾರ್ಡು ತೆಗೆಸಿ. ನಮಗೆ ಸಾತಬಾರಾ ಹೇಗೋ ಪಟ್ಟಣದ ನೆಲಕ್ಕೆ ಅದು ಹಾಗೆ. ಅದರಲ್ಲಿ 'ಸತ್ತಾ ಪ್ರಕಾರ' ಎಂಬ ಕಾಲಂ ಇರುತ್ತದೆ. ಅಲ್ಲಿ ಬಿ ಎಂದೋ, ಭಾಡೆಪಟ್ಟಾ ಎಂದೋ, ವರ್ಗ-2 ಎಂದೋ ಕಂಡರೆ ಅಲ್ಲೇ ನಿಲ್ಲಿ. ಕೊಳ್ಳಲೇಬಾರದು ಎಂದಲ್ಲ. ಎಷ್ಟು ವರ್ಷ ಉಳಿದಿದೆ, ವಿಸ್ತರಣೆಯ ಖರ್ಚು ಮನೆಗೆ ಎಷ್ಟು ಬೀಳುತ್ತದೆ, ಮಾರುವವನಿಗೆ ಪರವಾನಗಿ ಇದೆಯೇ ಎಂದು ತಿಳಿದು ಅಷ್ಟು ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ. ಪಕ್ಕದ ವರ್ಗ-1ರ ನೆಲದ ಫ್ಲ್ಯಾಟು 50 ಲಕ್ಷವಿದ್ದರೆ, 19 ವರ್ಷ ಉಳಿದ ಭಾಡೆಪಟ್ಟಾದ ಫ್ಲ್ಯಾಟಿಗೂ 50 ಲಕ್ಷ ಕೇಳುವುದು ವ್ಯಾಪಾರವಲ್ಲ. ಮರಾಠಿ ಕಾಗದವನ್ನು ಓದಲು ನಮ್ಮವರಿಗೆ ತೊಂದರೆ ಇಲ್ಲ, ಆದರೆ ಕರಾರಿನ ಮರಾಠಿ ಬಜಾರಿನ ಮರಾಠಿಯಲ್ಲ. ತಾಲೂಕು ಕಚೇರಿಯ ಮುಂದೆ ಕುಳಿತಿರುವ ದಸ್ತು ಬರೆಯುವವರಿಗೆ ಸ್ವಲ್ಪ ಹಣ ಕೊಟ್ಟು 'ಮುದತ', 'ನೂತನೀಕರಣ', 'ಹಸ್ತಾಂತರಣ' ಎಂಬ ಮೂರು ಕಲಮುಗಳನ್ನು ಬಿಡಿಸಿ ಹೇಳಿಸಿಕೊಳ್ಳಿ. ಎಕರೆ ಹೊಲಕ್ಕೆ ಇಷ್ಟು ಮಾಡುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ನಡೆದಿದೆ.